ಹತ್ತು ಎಣಿಸುವಷ್ಟು ಕಾಯಿರಿ

ಕೇಳುಗರಿಗೆ ನಮಸ್ಕಾರ.

ಮಗುವಿಗೆ ಎರಡು ತುಂಬುತ್ತಾ ಬಂತು, ಇನ್ನೂ ಮಾತು ಬರಲಿಲ್ಲ ಎಂದು ತಾಯಿ ಚಿಂತೆ ಮಾಡಿದರೆ ಮನೆಯಲ್ಲಿ ಸಿಗುವ ಸಮಾಧಾನ ಹೆಚ್ಚಾಗಿ ಒಂದೇ: “ಗಂಡು ಮಕ್ಕಳು ಸ್ವಲ್ಪ ತಡ. ಅವನ ಅಪ್ಪನೂ ಮಾತಾಡಿದ್ದು ಮೂರು ವರ್ಷಕ್ಕೆ.” ತಡವಾಗಿ ಶುರುಮಾಡಿ ತಾವಾಗಿಯೇ ಸರಿಹೋಗುವ ಮಕ್ಕಳು ಬೇಕಾದಷ್ಟು ಇದ್ದಾರೆ, ಅದು ನಿಜ. ಆದರೆ ಈ ಮಗು ಆ ಸಾಲಿನದೋ ಅಲ್ಲವೋ ಎಂದು ಆ ವಯಸ್ಸಿನಲ್ಲಿ ಖಚಿತವಾಗಿ ಹೇಳಲು ಯಾರಿಂದಲೂ ಆಗುವುದಿಲ್ಲ. ಹಾಗಾಗಿ ತೋರಿಸಿಬಿಡಿ. ತೋರಿಸಿ “ಏನೂ ತೊಂದರೆ ಇಲ್ಲ” ಅನ್ನಿಸಿಕೊಂಡರೆ ನಷ್ಟ ಅರ್ಧ ದಿನ. ಕಾಯುತ್ತಾ ಕೂತರೆ ಹೋಗುವುದು ಭಾಷೆ ಸಲೀಸಾಗಿ ಹತ್ತುವ ವರ್ಷಗಳು.

ಯಾವಾಗ ತೋರಿಸಬೇಕು? ಒಂದು ವರ್ಷಕ್ಕೆ ಬಬ್ಬ, ದದ್ದ ಎಂಬ ತೊದಲು, ಟಾಟಾ ಮಾಡುವುದು, ಬೇಕಾದ್ದನ್ನು ಕೈಯಲ್ಲಿ ತೋರಿಸುವುದು ಯಾವುದೂ ಇಲ್ಲದಿದ್ದರೆ. 16 ತಿಂಗಳಾದರೂ ಒಂದೇ ಒಂದು ಪದ ಇಲ್ಲದಿದ್ದರೆ. ಎರಡು ವರ್ಷಕ್ಕೆ ಸುಮಾರು 50 ಪದ ಇಲ್ಲದಿದ್ದರೆ, ಅಥವಾ “ಅಮ್ಮ ಬಾ” ಎಂಬಂತೆ ಎರಡು ಪದ ಜೋಡಿಸದಿದ್ದರೆ. ಕರೆದರೆ ತಿರುಗದ, ಕಣ್ಣಿಗೆ ಕಣ್ಣು ಕೊಡದ, ಬೆರಳು ತೋರಿಸದ ಮಗುವಿಗೆ ಆಟಿಸಂ ತಪಾಸಣೆಯೂ ಬೇಕು. ಬಂದ ಮಾತು ಹೋಯಿತೆಂದಾದರೆ ವಯಸ್ಸು ನೋಡಬೇಡಿ, ಅದೇ ವಾರ ವೈದ್ಯರಲ್ಲಿಗೆ ಹೋಗಿ.

ಪದ ಎಣಿಸುವಾಗ ನಮ್ಮ ಊರಿನ ಲೆಕ್ಕವೇ ಬೇರೆ. ಅಜ್ಜಿ ತುಳು, ಅಪ್ಪ ಕನ್ನಡ, ಪಕ್ಕದ ಮನೆಯವರು ಕೊಂಕಣಿ ಅಥವಾ ಬ್ಯಾರಿ. ಮಗು ಹಾಲಿಗೆ “ಪೇರ್” ಅಂದರೂ, ಬೆಕ್ಕಿಗೆ “ಪುಚ್ಚೆ” ಅಂದರೂ, ನೀರಿಗೆ “ಉದಾಕ್” ಅಂದರೂ ಅದು ಪದವೇ. ಎಲ್ಲ ಭಾಷೆಯದ್ದೂ ಸೇರಿಸಿ ಎಣಿಸಿ. ಎರಡು ಮೂರು ಭಾಷೆ ಕಿವಿಗೆ ಬಿದ್ದದ್ದರಿಂದ ಮಾತು ತಡವಾಗುವುದಿಲ್ಲ. ತುಳು ಬಿಟ್ಟು ಇಂಗ್ಲಿಷ್ ಒಂದನ್ನೇ ಮಾತಾಡಿ ಎಂಬ ಸಲಹೆ ಈಗಲೂ ಕೇಳಿಬರುತ್ತದೆ. ಅದನ್ನು ದಯವಿಟ್ಟು ಪಾಲಿಸಬೇಡಿ. ಅಜ್ಜಿಗೆ ಬಾರದ ಭಾಷೆಯನ್ನು ಮನೆಗೆ ತಂದರೆ ದಿನವಿಡೀ ಮಗುವಿನ ಜೊತೆ ಇರುವ ಅಜ್ಜಿಯ ಮಾತೇ ನಿಂತುಹೋಗುತ್ತದೆ.

ಮೊದಲು ಆಗಬೇಕಾದ್ದು ಕಿವಿಯ ಪರೀಕ್ಷೆ. “ಕುಕ್ಕರ್ ಸೀಟಿಗೆ ಬೆಚ್ಚಿಬೀಳುತ್ತಾನೆ, ಕಿವಿ ಸರಿಯುಂಟು” ಎನ್ನುವುದು ಸಾಲದು. ದೊಡ್ಡ ಸದ್ದು ಕೇಳಿ, ಸ, ಶ, ಫದಂಥ ತೆಳು ಧ್ವನಿ ಕೇಳದೆ ಇರಬಹುದು. ಶೀತ ಬಿಡದ ಮಕ್ಕಳಲ್ಲಿ ಕಿವಿಪೊರೆಯ ಹಿಂದೆ ದ್ರವ ಕಟ್ಟಿದರೆ, ಆ ಮಗುವಿಗೆ ನಮ್ಮ ಮಾತು ನೀರಿನೊಳಗಿಂದ ಬಂದಂತೆ ಮಂದವಾಗಿ ಕೇಳುತ್ತದೆ. ಹುಟ್ಟಿದಾಗಿನ ಪರೀಕ್ಷೆ ಸರಿ ಬಂದಿದ್ದರೂ ಈಗ ಮತ್ತೆ ಮಾಡಿಸಬೇಕು.

ಸದ್ದು ಕಿವಿಯಿಂದ ಮೆದುಳಿಗೆ ಮುಟ್ಟುತ್ತದೋ ಎಂದು ನೋಡುವ ಬೆರಾ (BERA) ಪರೀಕ್ಷೆಗೆ ಮಗು ನಿದ್ರೆ ಮಾಡಬೇಕು. ಹಣೆಗೂ ಕಿವಿಯ ಹಿಂದೆಯೂ ಸಣ್ಣ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಇಲ್ಲೇ ಬಹಳ ಮಂದಿ ಸೋಲುವುದು. ತಲೆಗೆ ತೆಂಗಿನೆಣ್ಣೆ ಹಚ್ಚಿ ಕರೆದುಕೊಂಡು ಹೋದರೆ ಅದು ಚರ್ಮಕ್ಕೆ ಸರಿಯಾಗಿ ಕೂರುವುದಿಲ್ಲ. ಹಿಂದಿನ ದಿನವೇ ತಲೆ ತೊಳೆಸಿ, ಎಣ್ಣೆ, ಪೌಡರ್ ಏನೂ ಬೇಡ. ರಾತ್ರಿ ತಡವಾಗಿ ಮಲಗಿಸಿ, ಬೆಳಗ್ಗೆ ಬೇಗ ಎಬ್ಬಿಸಿ. ಕುಂದಾಪುರದಿಂದ ಮಣಿಪಾಲಕ್ಕೆ ಬರುವ ಬಸ್ಸಿನಲ್ಲಿ ಮಗು ಒಂದು ಗಂಟೆ ನಿದ್ದೆ ತೆಗೆದರೆ ಅಲ್ಲಿ ಮಲಗುವುದಿಲ್ಲ. ಇನ್ನೊಂದು ದಿನ ಬರಬೇಕಾಗುತ್ತದೆ. ದಾರಿಯುದ್ದಕ್ಕೂ ಆಡಿಸಿಕೊಂಡು ಬನ್ನಿ. ನಿದ್ದೆಯ ಔಷಧಿ ಕೊಡುವುದಾದರೆ ಅದು ವೈದ್ಯರೇ ಕೊಡಬೇಕಾದ್ದು.

ಇನ್ನು ಮಾತು ಕಲಿಸುವ ಸ್ಪೀಚ್ ಥೆರಪಿ. ವಾರಕ್ಕೆ ಎರಡು ಸಲ, 45 ನಿಮಿಷ ಎಂದಿಟ್ಟುಕೊಳ್ಳಿ, ಒಂದೂವರೆ ಗಂಟೆ ಆಯಿತು. ಮಗು ವಾರದಲ್ಲಿ ಎಚ್ಚರ ಇರುವುದು 80 ಗಂಟೆಗೂ ಹೆಚ್ಚು. ಹಾಗಾಗಿ ಸ್ಪೀಚ್ ಥೆರಪಿಸ್ಟ್ ಕೆಲಸದ ದೊಡ್ಡ ಪಾಲು ನಿಮಗೆ ಕಲಿಸುವುದು. ಹೊರಗೆ ಕೂರಿಸಿದರೆ ಒಳಗೆ ಬರಬಹುದೇ ಎಂದು ಕೇಳಿ.

ಒಂದು ಕ್ರಮ ವಿವರವಾಗಿ ಹೇಳುತ್ತೇನೆ. ಮುಚ್ಚಳ ಬಿಗಿಯಾಗಿರುವ ಪಾರದರ್ಶಕ ಡಬ್ಬಿಯಲ್ಲಿ ಬಾಳೆಹಣ್ಣಿನ ನಾಲ್ಕೈದು ಸಣ್ಣ ತುಂಡು ಹಾಕಿ. ನೆಲದ ಮೇಲೆ ಮಗುವಿನ ಎದುರು, ನಿಮ್ಮ ಬಾಯಿ ಅದಕ್ಕೆ ಕಾಣುವ ಹಾಗೆ ಕುಳಿತುಕೊಳ್ಳಿ. ಡಬ್ಬಿ ಕೈಗೆ ಕೊಡಿ. ಅದು ತಿರುವುತ್ತದೆ, ಬಡಿಯುತ್ತದೆ, ಆಮೇಲೆ ನಿಮ್ಮನ್ನು ನೋಡುತ್ತದೆ. ಈಗ ಮಾತಾಡಬೇಡಿ. ಹುಬ್ಬು ಏರಿಸಿ, ಮನಸ್ಸಿನಲ್ಲೇ ಒಂದರಿಂದ ಹತ್ತು ಎಣಿಸಿ. ಮೂರಕ್ಕೆ ಬರುವಾಗಲೇ “ತೆಗಿಬೇಕಾ ಪುಟ್ಟಾ? ತೆಗಿ ಅನ್ನು!” ಎಂದು ಬಾಯಿಗೆ ಬರುತ್ತದೆ, ತಡೆದುಕೊಳ್ಳಿ. ಕೇಳಿದ್ದನ್ನು ಅರ್ಥ ಮಾಡಿಕೊಂಡು, ಪದ ಹುಡುಕಿ, ತುಟಿ ನಾಲಿಗೆ ಹೊಂದಿಸಲು ಈ ಮಕ್ಕಳಿಗೆ ನಮಗಿಂತ ತುಂಬಾ ಹೊತ್ತು ಬೇಕು. “ತ” ಎಂದರೂ ಸರಿ, ಡಬ್ಬಿ ನಿಮ್ಮತ್ತ ಚಾಚಿದರೂ ಸರಿ, ಅದು ಮಾತೇ. ಕೂಡಲೇ “ತೆಗಿ!” ಎಂದು ಸ್ಪಷ್ಟವಾಗಿ ಹೇಳಿ, ತೆಗೆದು ಒಂದೇ ತುಂಡು ಕೊಟ್ಟು, ಮತ್ತೆ ಮುಚ್ಚಿ. ಹತ್ತು ಎಣಿಸಿದರೂ ಏನೂ ಬರದಿದ್ದರೆ ನೀವೇ “ತೆಗಿ” ಎಂದು ಹೇಳಿ ತೆಗೆದುಕೊಡಿ. ಹೇಳಿದರೆ ಮಾತ್ರ ಕೊಡುತ್ತೇನೆ ಎಂದು ಅಳಿಸಬಾರದು. ಅತ್ತ ಮಗು ಕಲಿಯುವುದು ಅಳುವುದನ್ನೇ.

ಮಗು ಒಂದು ಪದ ಹೇಳಿದರೆ ನೀವು ಒಂದು ಸೇರಿಸಿ. “ಬಸ್” ಅಂದರೆ “ಬಸ್ ಹೋಯ್ತು.” ಅಷ್ಟೇ ಸಾಕು. ಸ್ನಾನ ಮಾಡಿಸುವಾಗ “ನೀರು ಹಾಕು, ಕಾಲಿಗೆ ಹಾಕು, ತಲೆಗೆ ಹಾಕು” ಎಂದು ಒಂದೇ ಪದ ಹತ್ತು ಸಲ ಬರಲಿ. ಗೊತ್ತಿರುವ ಸಾಲನ್ನು ಅರ್ಧಕ್ಕೆ ನಿಲ್ಲಿಸಿ. ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ಕೂಗುವ “ರೈಟ್, ಪೋಯಿ” (ತುಳುವಿನಲ್ಲಿ ಹೋಗೋಣ) ಎಲ್ಲ ಮಕ್ಕಳಿಗೂ ಪ್ರೀತಿ. ಆಟಿಕೆ ಬಸ್ ಹಿಡಿದು “ರೈಟ್...” ಎಂದು ನಿಲ್ಲಿಸಿ ನೋಡಿ, ಎಷ್ಟೋ ಮಕ್ಕಳು “ಪೋಯಿ”ಗೆ ಬಾಯಿ ತೆರೆಯುತ್ತಾರೆ.

ಕೆಲಸ ಕೆಡಿಸುವುದು ಪ್ರಶ್ನೆಗಳು. ಚಿತ್ರದ ಪುಸ್ತಕ ಹಿಡಿದು “ಇದೇನು? ಇದು ಯಾವ ಬಣ್ಣ?” ಎಂದು ಕೇಳುವುದು ಪರೀಕ್ಷೆ, ಅದರಿಂದ ಕಲಿಕೆ ಆಗುವುದಿಲ್ಲ. ನಾಲ್ಕು ಸಲ ನೀವೇ ಹೇಳಿ, ಒಂದು ಸಲ ಕೇಳಿ. ಊಟಕ್ಕೆ ಮೊಬೈಲ್ ಹಿಡಿಸುವ ಅಭ್ಯಾಸ ಬಿಡಿಸಲೇಬೇಕು: ಎರಡು ವರ್ಷದೊಳಗೆ ಪರದೆ ಬೇಡ, ಅನಂತರ ಐದು ವರ್ಷ ತುಂಬುವವರೆಗೂ ದಿನಕ್ಕೆ ಒಂದು ಗಂಟೆ ಮೀರಬಾರದು ಎಂಬುದು 2019ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಮೊಬೈಲಿನ ಹಾಡು ಮಗುವಿನ ಉತ್ತರಕ್ಕೆ ಕಾಯುವುದಿಲ್ಲ. ನಾಲಿಗೆಗೆ ಬಜೆ ತೇಯ್ದು ಹಚ್ಚುವುದರಿಂದ ಮಾತು ಬರುವುದಿಲ್ಲ, ಮಕ್ಕಳಿಗೆ ವಾಂತಿಯಾಗುವ ಅಪಾಯ ಉಂಟು.

ಎಲ್ಲಿಗೆ ಹೋಗಬೇಕು? ಮಣಿಪಾಲದಲ್ಲಿ, ಕಂಕನಾಡಿಯ ಫಾದರ್ ಮುಲ್ಲರ್‌ನಲ್ಲಿ, ದೇರಳಕಟ್ಟೆಯ ನಿಟ್ಟೆಯಲ್ಲಿ ವಾಕ್ ಮತ್ತು ಶ್ರವಣ ಕಲಿಸುವ ಕಾಲೇಜುಗಳೇ ಇವೆ. ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ನಡೆಯುತ್ತಿದೆ, ಅದರಲ್ಲಿ ತಪಾಸಣೆ ಉಚಿತ, ಅಂಗನವಾಡಿಯಲ್ಲಿ ವಿಚಾರಿಸಿ. ಖಾಸಗಿಯಾಗಿ ಹೋಗುವುದಾದರೆ ಥೆರಪಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಉಂಟೋ ಎಂದು ಕೇಳಲು ಸಂಕೋಚ ಬೇಡ.

ಹೊಸ ಜಾಗದಲ್ಲಿ ಮಗು ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಆಡುವಾಗ ಎರಡು ನಿಮಿಷದ ವಿಡಿಯೊ ತೆಗೆದುಕೊಂಡು ಹೋಗಿ. ಜೊತೆಗೆ ಒಂದು ನೋಟ್‌ಬುಕ್ ಇರಲಿ: ದಿನಾಂಕ, ಮಗು ಹೇಳಿದ್ದು, ಆಗ ಏನು ನಡೆಯುತ್ತಿತ್ತು. ತಿದ್ದಿ ಬರೆಯಬೇಡಿ. ನೀರಿಗೆ “ಈಯು” ಅಂದಿದ್ದರೆ “ಈಯು” ಎಂದೇ ಬರೆಯಿರಿ. ಯಾವ ಅಕ್ಷರ ಬಂದಿದೆ, ಯಾವುದು ಇನ್ನೂ ಬರಬೇಕು ಎಂದು ಥೆರಪಿಸ್ಟ್ ಓದುವುದು ಅದರಿಂದಲೇ.

ನಮಸ್ಕಾರ.