ನಮ್ಮ ಅಪಾರ್ಟ್‌ಮೆಂಟಿನ ನೆಲ ಯಾರದು?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಇಷ್ಟು ಜನ ಬಂದಿದ್ದೀರಿ, ಸಂತೋಷ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಬೆಂಗಳೂರಿನಲ್ಲಿ ಯಾವ ಅಪಾರ್ಟ್‌ಮೆಂಟಿನ ಜನರಲ್ ಬಾಡಿ ಸಭೆಗೆ ಹೋದರೂ ಜಗಳ ಒಂದೇ ಥರ. ಪಾರ್ಕಿಂಗ್, ಮೇಂಟೆನೆನ್ಸ್, ನಾಯಿ, ಬಾಡಿಗೆಗೆ ಬಂದ ಹುಡುಗರು. ಇದಕ್ಕೆಲ್ಲ ಗಂಟೆಗಟ್ಟಲೆ ವಾದ ಮಾಡುವ ನಾವು, ನಮ್ಮ ಫ್ಲಾಟ್ ಮಾಲೀಕರ ಸಂಘ ಯಾವ ಕಾನೂನಿನ ಕೆಳಗಿದೆ, ಕಟ್ಟಡ ನಿಂತಿರುವ ನೆಲದಲ್ಲಿ ನಮ್ಮ ಪಾಲೆಷ್ಟು ಅಂತ ಕೇಳುವುದೇ ಇಲ್ಲ. ಅರ್ಧಕ್ಕರ್ಧ ತಕರಾರು ಹುಟ್ಟುವುದೇ ಅಲ್ಲಿ.

ನಮ್ಮಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಅದು ತಾನಾಗಿಯೇ ಯಾರಿಗೂ ಅನ್ವಯ ಆಗುವುದಿಲ್ಲ. ಡೀಡ್ ಆಫ್ ಡಿಕ್ಲರೇಷನ್ ಅನ್ನುವ ಪತ್ರ ಬರೆದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, 'ನಮ್ಮ ಸ್ವತ್ತನ್ನು ಈ ಕಾಯ್ದೆಗೆ ಒಳಪಡಿಸಿದ್ದೇವೆ' ಅಂತ ಘೋಷಿಸಿದರೆ ಮಾತ್ರ ಅನ್ವಯ. ಆದರೆ ಆಮೇಲೆ ಬ್ಯಾಂಕಿಗೆ ಅಕೌಂಟ್ ತೆರೆಯಲು ಹೋದರೆ ಸಂಘದ ನೋಂದಣಿ ಸರ್ಟಿಫಿಕೇಟ್ ಕೊಡಿ ಅನ್ನುತ್ತಾರೆ, ಅಂಥದ್ದನ್ನು ಸುಲಭವಾಗಿ ಕೊಡುವ ಕಚೇರಿ ಸಿಗುವುದಿಲ್ಲ, ಅದಕ್ಕೇ ಸಾವಿರಾರು ಜನ 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಹೋಗಿ ಸುಮ್ನೆ ಒಂದು ಸರ್ಟಿಫಿಕೇಟ್ ತಂದರು. ಅದು ಕ್ಲಬ್, ಸಾಹಿತ್ಯ ಸಂಘಗಳಿಗೆ ಮಾಡಿದ ಕಾಯ್ದೆ. ಬರೀ ವಾಸದ ಫ್ಲಾಟುಗಳಿರುವ ಕಡೆ 1972ರ ಕಾಯ್ದೆಯೇ ಸರಿಯಾದ ದಾರಿ ಅಂತ ನಮ್ಮ ಹೈಕೋರ್ಟ್ ಹೇಳಿದೆ. ಈ ಗೊಂದಲಕ್ಕೆ ನಿವಾಸಿಗಳನ್ನು ದೂರಿ ಪ್ರಯೋಜನವಿಲ್ಲ. ಐವತ್ತು ವರ್ಷ ಕಳೆದರೂ ಸರ್ಕಾರ ಇದನ್ನು ಸರಿಮಾಡದೆ ಬಿಟ್ಟದ್ದು ದೊಡ್ಡ ತಪ್ಪು ಅಂತಲೇ ನನ್ನ ಅಭಿಪ್ರಾಯ.

ಈಗ ಆ ಡಿಕ್ಲರೇಷನ್ ಪತ್ರದ ಒಳಗೆ ನೋಡೋಣ. ಅದರಲ್ಲಿ ನಿಮ್ಮ ಫ್ಲಾಟ್ ನಂಬರ್ ಎದುರಿಗೆ ಒಂದು ಶೇಕಡಾ ಅಂಕಿ ಇರುತ್ತದೆ. ನೆಲ ಮತ್ತು ಎಲ್ಲರಿಗೂ ಸೇರಿದ ಸಾಮಾನ್ಯ ಜಾಗಗಳಲ್ಲಿ ನಿಮ್ಮ ಅವಿಭಾಜ್ಯ ಪಾಲು, ಅಂದರೆ ತುಂಡು ಮಾಡಿ ಬೇರೆ ಕೊಡಲಾಗದ ಪಾಲು ಅದು, ಯುಡಿಎಸ್ (ಅನ್‌ಡಿವೈಡೆಡ್ ಶೇರ್) ಅನ್ನುತ್ತೇವಲ್ಲ, ಅದೇ. ಮೇಂಟೆನೆನ್ಸ್ ಎಲ್ಲರಿಗೂ ಒಂದೇನಾ, ಚದರಡಿ ಲೆಕ್ಕನಾ ಅಂತ ಪ್ರತಿ ವರ್ಷ ಗಲಾಟೆ ಆಗುತ್ತದೆ ಅಲ್ವಾ? ಕಾಯ್ದೆಯಲ್ಲಿ ಉತ್ತರ ಇದೆ: ಸಾಮಾನ್ಯ ಖರ್ಚನ್ನು ಈ ಶೇಕಡಾ ಪ್ರಕಾರವೇ ಹಂಚಬೇಕು. ದೊಡ್ಡ ಫ್ಲಾಟಿಗೆ ದೊಡ್ಡ ಪಾಲು, ದೊಡ್ಡ ಖರ್ಚು. ಎಲ್ಲ ಮಾಲೀಕರ ಒಪ್ಪಿಗೆ ಪಡೆದು ಪತ್ರ ತಿದ್ದಿ ನೋಂದಾಯಿಸದೆ ಆ ಅಂಕಿಯನ್ನು ಬದಲಿಸುವಂತಿಲ್ಲ.

ಅದೇ ಪತ್ರದಲ್ಲಿ ಸಾಮಾನ್ಯ ಜಾಗಗಳ ಪಟ್ಟಿಯೂ ಇರುತ್ತದೆ. ಅದನ್ನು ಬೆರಳಿಟ್ಟು ಓದಿ. ಪತ್ರ ಬರೆಸುವುದು ಹೆಚ್ಚಾಗಿ ಬಿಲ್ಡರ್. ಕ್ಲಬ್‌ಹೌಸ್ ಪಟ್ಟಿಯಲ್ಲಿ ಇದೆಯಾ? ಟೆರೇಸ್? ಎರಡನೇ ಹಂತದ ಕಟ್ಟಡಕ್ಕೆ ಅಂತ ಖಾಲಿ ಬಿಟ್ಟ ಮೂಲೆ? ಒಂದು ಸಂಘದವರು ನನ್ನ ಹತ್ತಿರ ಬಂದಾಗ ಕ್ಲಬ್‌ಹೌಸಿಗೆ ವರ್ಷಗಳಿಂದ ಬಣ್ಣ ಹೊಡೆಸಿ, ಕರೆಂಟ್ ಬಿಲ್ ಕಟ್ಟುತ್ತಿದ್ದರು. ಪತ್ರ ತೆಗೆದು ನೋಡಿದರೆ ಅದರ ಮಾಲೀಕತ್ವ ಬಿಲ್ಡರ್ ಹತ್ತಿರವೇ ಇತ್ತು, ಇವರಿಗೆ ಇದ್ದದ್ದು ಬಳಸುವ ಹಕ್ಕು ಅಷ್ಟೇ.

ಹೊಸ ಪ್ರಾಜೆಕ್ಟುಗಳಿಗೆ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಬಲ ಇದೆ. ಅರ್ಧಕ್ಕಿಂತ ಜಾಸ್ತಿ ಫ್ಲಾಟ್ ಬುಕ್ ಆದ ಮೂರು ತಿಂಗಳೊಳಗೆ ಸಂಘ ರಚನೆಗೆ ಬಿಲ್ಡರ್ ಅನುವು ಮಾಡಬೇಕು. ಮಂಜೂರಾದ ಪ್ಲಾನ್ ಬದಲಿಸಲು ಮೂರನೇ ಎರಡರಷ್ಟು ಖರೀದಿದಾರರ ಲಿಖಿತ ಒಪ್ಪಿಗೆ ಬೇಕು. ಸ್ವಾಧೀನ ಕೊಟ್ಟು ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ತೋರಿಸಿದರೆ ಮೂವತ್ತು ದಿನದಲ್ಲಿ, ಹಣ ಕೇಳದೆ ಸರಿಮಾಡಿಕೊಡಬೇಕು. ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ಬೇಸ್‌ಮೆಂಟಿನಲ್ಲಿ ನೀರು ಸೋರಿದರೆ ಅವತ್ತೇ ತಾರೀಖು ಸಮೇತ ಫೋಟೋ, ಇಮೇಲ್. ಆದರೆ ಒಂದು ತೊಡಕಿದೆ. ರೇರಾ ಸಾಮಾನ್ಯ ಜಾಗವನ್ನು ಸಂಘದ ಹೆಸರಿಗೆ ಬರೆದುಕೊಡಿ ಅನ್ನುತ್ತದೆ, 1972ರ ಕಾಯ್ದೆ ಅದು ಮಾಲೀಕರೆಲ್ಲರ ಪಾಲು ಅನ್ನುತ್ತದೆ. ಹಾಗೆ ಬರೆದುಕೊಡುವ ಪತ್ರಕ್ಕೆ ಸಹಿ ಹಾಕುವ ಮೊದಲು ವಕೀಲರಿಗೆ ತೋರಿಸಿ.

ಪಾರ್ಕಿಂಗ್ ವಿಷಯ ಬೇಗ ಹೇಳಿಬಿಡುತ್ತೇನೆ. ಸ್ಟಿಲ್ಟ್ ಪಾರ್ಕಿಂಗ್, ಅಂದರೆ ಕಂಬಗಳ ಮೇಲೆ ನಿಂತ ಕಟ್ಟಡದ ಕೆಳಗಿನ ಪಾರ್ಕಿಂಗ್, ಸಾಮಾನ್ಯ ಜಾಗ, ಬಿಲ್ಡರ್ ಅದನ್ನು ಬೇರೆ ಆಸ್ತಿಯ ಹಾಗೆ ಮಾರುವಂತಿಲ್ಲ ಅಂತ 2010ರಲ್ಲಿ, ಮುಂಬೈಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿನ ಕಾಯ್ದೆ ಬೇರೆ, ಆದರೂ ನಮ್ಮ ವಾದಕ್ಕೆ ಅದು ಗಟ್ಟಿ ಆಸರೆ.

ಇನ್ನು ಬಾಕಿದಾರರು. ದುಡ್ಡು ಕಟ್ಟದವರ ಮನೆಯ ನೀರು ನಿಲ್ಲಿಸೋಣ ಅಂತ ಪ್ರತಿ ಸಂಘದಲ್ಲೂ ಯಾರಾದರೂ ಹೇಳುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೂ ದಯವಿಟ್ಟು ಮಾಡಬೇಡಿ. ಆ ಮನೆಯಲ್ಲಿ ಮಕ್ಕಳು, ವಯಸ್ಸಾದವರು ಇರುತ್ತಾರೆ, ಮತ್ತು ಕೋರ್ಟಿನಲ್ಲಿ ತಪ್ಪಿತಸ್ಥರ ಜಾಗದಲ್ಲಿ ನೀವು ನಿಲ್ಲಬೇಕಾಗುತ್ತದೆ. 1972ರ ಕಾಯ್ದೆ ಬಾಕಿ ಹಣವನ್ನು ಆ ಫ್ಲಾಟಿನ ಮೇಲಿನ ಋಣ ಅಂತಲೇ ಪರಿಗಣಿಸುತ್ತದೆ. ಸರ್ಕಾರದ ತೆರಿಗೆ, ಮೊದಲ ಅಡಮಾನದ ಸಾಲ ಬಿಟ್ಟರೆ ಮುಂದಿನ ಸರದಿ ಸಂಘದ್ದು. ನೋಟಿಸ್ ಕೊಡಿ, ಲೆಕ್ಕ ಇಡಿ, ಕೇಸ್ ಹಾಕಿ. ಈ ಬಲವೂ ಡಿಕ್ಲರೇಷನ್ ನೋಂದಾಯಿಸಿದವರಿಗೆ ಮಾತ್ರ.

ಹಾಗಾಗಿ ಈ ವಾರ ಒಂದು ಕೆಲಸ ಮಾಡಿ. ರಾಜ್ಯ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ನಿಮ್ಮ ಡಿಕ್ಲರೇಷನ್ ಪತ್ರದ ದೃಢೀಕೃತ ನಕಲು ತರಿಸಿ, ಅದರಲ್ಲಿರುವ ಶೇಕಡಾ ಮತ್ತು ನಿಮ್ಮ ಸೇಲ್ ಡೀಡಿನಲ್ಲಿರುವ ಶೇಕಡಾ ಪಕ್ಕಪಕ್ಕ ಇಟ್ಟು ನೋಡಿ. ಈಗಾಗಲೇ ಎರಡೂ ತಂದಿರುವವರು ಮುಂದೆ ಬನ್ನಿ, ನಿಮ್ಮಿಂದಲೇ ಪ್ರಶ್ನೆಗಳನ್ನು ಶುರು ಮಾಡೋಣ.