ಉಪಾಸದ ದಿನ ಶುಗರ್ ಗುಳಿಗಿ

ನಮಸ್ಕಾರ್ರಿ. ಶ್ರಾವಣ ಬಂತಂದ್ರ ನಮ್ಮ ಬಾಗಲಕೋಟಿ ಕಡೆ ಸೋಮವಾರ ಒಪ್ಪೊತ್ತು ಮಾಡೋರು ಭಾಳ ಮಂದಿ, ಯುಗಾದಿ ಮುಂದ ಶ್ರೀಶೈಲಕ್ಕ ಪಾದಯಾತ್ರೆ ಹೋಗೋರು, ರಂಜಾನದಾಗ ರೋಜಾ ಹಿಡಿಯೋರು, ಇವರಾಗ ಶುಗರ್ ಇದ್ದೋರು ಎಷ್ಟೋ ಜನ ಊಟ ಬಿಟ್ರೂ ಮುಂಜಾನಿ ಗುಳಿಗಿ ಮಾತ್ರ ಬಿಡೂದಿಲ್ಲ. ನನಗ ಚಿಂತಿ ಇದರದ್ದ.

ಶುಗರ್ ಗುಳಿಗಿ ಎಲ್ಲಾ ಒಂದ ನಮೂನಿ ಅಲ್ರಿ. ಮೆಟ್‌ಫಾರ್ಮಿನ್ ಇರ್ತೈತಲ್ಲ, ಅದು ಲಿವರ್ ರಕ್ತಕ್ಕ ಸಕ್ರಿ ಬಿಡೂದನ್ನ ಕಡಿಮಿ ಮಾಡ್ತೈತಿ. ಅದೊಂದನ್ನ ತಗೊಂಡ್ರ ಶುಗರ್ ತೀರಾ ಇಳಿಯೂದು ಅಪರೂಪ. ಹೊಟ್ಟಿ ಉಬ್ಬರ, ಭೇದಿ ಆಗಬಹುದು, ಊಟದ ಜೋಡಿ ತಗೊಂಡ್ರ ತ್ರಾಸ ಕಡಿಮಿ. ಭಾಳ ವರ್ಷ ತಗೊಂಡೋರಿಗೆ ಬಿ12 ವಿಟಮಿನ್ ಕಡಿಮಿ ಆಗಿ ಕಾಲು ಜೋಮು ಹಿಡೀಬಹುದು, ಶುಗರ್‌ದಿಂದನ ಅಂತ ಸುಮ್ನಿರಬ್ಯಾಡ್ರಿ, ರಕ್ತ ತಪಾಸಣಿ ಮಾಡಿಸ್ರಿ.

ಗ್ಲಿಮಿಪಿರೈಡ್ ಹಂಗಲ್ಲ. ಅದು ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ)ದಿಂದ ಶುಗರ್ ಇಳಿಸೂ ಇನ್ಸುಲಿನ್ ಹೊರಡಸ್ತೈತಿ, ನೀವು ರೊಟ್ಟಿ ತಿಂದೀರೋ ಇಲ್ಲೋ ನೋಡೂದಿಲ್ಲ. ಖಾಲಿ ಹೊಟ್ಟಿಲೆ ಕುಂತಾಗ ಶುಗರ್ 70ಕ್ಕಿಂತ ಕೆಳಗ ಹೋತಂದ್ರ ಕೈ ನಡುಗ್ತಾವು, ಕುತ್ತಿಗಿ ಹಿಂದ ತಣ್ಣಗ ಬೆವರ್ತೈತಿ, ಮಾತು ತೊದಲ್ತೈತಿ, ಮನ್ಯಾಗಿನವರು ಉಪಾಸದ ಸುಸ್ತು ಅಂತ ಮಲಗಸ್ತಾರ. ಮಲಗಸಬ್ಯಾಡ್ರಿ! ಎಚ್ಚರ ಇದ್ರ ಮೂರು ಚಮಚ ಸಕ್ರಿ ನೀರಾಗ ಕಲಿಸಿ ಕುಡಸ್ರಿ, 15 ನಿಮಿಷಕ್ಕ ಮತ್ತ ಚೆಕ್ ಮಾಡ್ರಿ, ಇನ್ನೂ ಕಡಿಮಿ ಇದ್ರ ಮತ್ತ ಕುಡಸ್ರಿ, ಸುಧಾರಿಸಿದ ಮ್ಯಾಲ ಊಟ ಮಾಡಸ್ರಿ. ಈ ಗುಳಿಗಿ ಪರಿಣಾಮ ತಾಸುಗಟ್ಟಲೆ ಇರ್ತೈತಿ, ಶುಗರ್ ಮತ್ತ ಇಳೀಬಹುದು. ಎಚ್ಚರ ತಪ್ಪಿದ್ರ ಬಾಯಾಗ ಏನೂ ಹಾಕಬ್ಯಾಡ್ರಿ, 108ಕ್ಕ ಫೋನ್ ಮಾಡ್ರಿ.

ತ್ರಾಸ ಏನಂದ್ರ ಎಷ್ಟೋ ಕಡೆ ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಎರಡೂ ಒಂದ ಗುಳಿಗ್ಯಾಗ ಇರ್ತಾವು, ಅಂಗಡ್ಯಾಗ ಕತ್ರಿಲೆ ಸ್ಟ್ರಿಪ್ ಕತ್ತರಿಸಿ ನಾಕು ಕೊಟ್ರ ಹೆಸರು ಇರೂ ತುಂಡು ಅಲ್ಲೇ ಉಳೀತೈತಿ. ಹೆಸರು ಇದ್ದ ತುಂಡು ಕೇಳಿ ತಗೊಳ್ರಿ, ಇಲ್ಲಾ ಚೀಟಿ ಮ್ಯಾಲ ಬರಸ್ಕೊಳ್ರಿ.

ಡಾಪಾಗ್ಲಿಫ್ಲೋಜಿನ್ ಅನ್ನೋ ಇನ್ನೊಂದು ಶುಗರ್ ಗುಳಿಗಿ ಸಕ್ರಿನ್ನ ಉಚ್ಚಿಯೊಳಗ ಹೊರಗ ಹಾಕ್ತೈತಿ, ಜೋಡಿಗೆ ನೀರೂ ಹೋಗ್ತೈತಿ. ಅದಕ್ಕ ಬ್ಯಾಸಿಗಿ ಬಿಸಲಾಗ ನಡಿಯೋರಿಗೆ ತಲಿ ತಿರಗ್ತೈತಿ. ಗುಪ್ತ ಜಾಗದಾಗ ತುರಿಕಿ ಬರಬಹುದು, ಅಕ್ಕಾರ, ನಾಚಿ ಮುಚ್ಚಿಡಬ್ಯಾಡ್ರಿ, ಅದಕ್ಕ ಔಷಧ ಐತಿ. ಈ ಗುಳಿಗಿ ತಗೊಳ್ಳೋರಿಗೆ ವಾಂತಿ, ಹೊಟ್ಟಿನೋವು, ಜೋರು ಉಸಿರು ಬಂದ್ರ ಮೀಟರ್‌ನಾಗ ಶುಗರ್ ಭಾಳ ಇಲ್ಲದಿದ್ರೂ ತಡ ಮಾಡದ ದವಾಖಾನಿಗೆ ಹೋಗ್ರಿ.

ಹಂಗಂತ ಗುಳಿಗಿ, ಇನ್ಸುಲಿನ್ ನಿಮ್ಮಷ್ಟಕ್ಕ ನೀವ ಬಿಡಬ್ಯಾಡ್ರಿ. ಉಪಾಸಕ್ಕ, ಪಾದಯಾತ್ರೆಗೆ ಮೊದಲ ಆ ಸ್ಟ್ರಿಪ್ ತಗೊಂಡು ಡಾಕ್ಟರ್ ಹತ್ರ ಹೋಗ್ರಿ, ಯಾವ ಗುಳಿಗಿ ಹೊತ್ತು ಬದಲಿಸಬೇಕು, ಯಾವುದರ ಡೋಸ್ ಇಳಿಸಬೇಕು, ಇಲ್ಲಾ ನಿಮಗ ಉಪಾಸನ ಬ್ಯಾಡೋ ಅಂತ ಅವರ ಹೇಳ್ತಾರ.