‘ಎಲ್ಲಾರೂ ಕಳ್ಳರು’ ಅಂದರೆ ಯಾರಿಗೆ ಲಾಭ?

ಗದುಗಿನ ಬಂಧುಗಳೇ, ಎಲ್ಲರಿಗೂ ನಮಸ್ಕಾರ.

ನರಗುಂದದ ಕಡೆಯ ರೈತರು ಇಲ್ಲಿ ಬಹಳ ಮಂದಿ ಇದ್ದೀರಿ. ಹಾಗಾಗಿ ಮಹದಾಯಿ ನದಿ ನೀರಿನ ವಿಷಯದಿಂದಲೇ ಶುರು ಮಾಡುತ್ತೇನೆ. 2015ರ ಜುಲೈನಲ್ಲಿ ಆ ನೀರಿಗಾಗಿ ನೀವು ಧರಣಿ ಕೂತಿರಿ. 2018ರ ಆಗಸ್ಟ್‌ನಲ್ಲಿ ನೀರಿನ ಪಾಲು ತೀರ್ಮಾನಿಸುವ ನ್ಯಾಯಮಂಡಳಿ ರಾಜ್ಯಕ್ಕೆ 13.42 ಟಿಎಂಸಿ (ಶತಕೋಟಿ ಘನ ಅಡಿ) ನೀರು ಕೊಟ್ಟಿತು. ಅದರಲ್ಲಿ ಕಳಸಾ, ಬಂಡೂರಿ ನಾಲೆಗಳಿಂದ ಮಲಪ್ರಭಾ ನದಿಗೆ ಸಿಗಬೇಕಾದದ್ದು 3.9 ಟಿಎಂಸಿ. ಆ ತೀರ್ಪು ಕೇಂದ್ರದ ಗೆಜೆಟ್‌ನಲ್ಲಿ ಬರಲು 2020ರ ಫೆಬ್ರುವರಿ ಆಯಿತು. ಇಷ್ಟು ಕಾದವರಿಗೆ ‘ಅನುಮಾನ ಪಡಬೇಡಿ’ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಈ ಸಿಟ್ಟು ಮೊಬೈಲಿಗೆ ಹೋದ ಮೇಲೆ ಏನಾಗುತ್ತದೆ ನೋಡಿ. ‘ಎಲ್ಲಾ ಪಕ್ಷದವರೂ ಒಳಗೊಳಗ ಒಂದ ಆಗ್ಯಾರ. ಕೋರ್ಟು, ಕಚೇರಿ ಎಲ್ಲಾ ನಾಟಕ. ಟಿವಿಯವರು ಇದನ್ನ ತೋರಿಸಂಗಿಲ್ಲ, ಹತ್ತು ಮಂದಿಗೆ ಕಳಸ್ರಿ.’ ಇಂಥ ಮೆಸೇಜು ನಿಮಗೂ ಬಂದಿರಬೇಕು, ಅಲ್ವಾ? ಅದರಲ್ಲಿ ತಾರೀಖಿಲ್ಲ, ಹೆಸರಿಲ್ಲ. ಆ ಕೊನೆಯ ಸಾಲಿನದೇ ಎಲ್ಲ ಕರಾಮತ್ತು. ಸುದ್ದಿ ಪೇಪರಿನಲ್ಲಿ ಬರದಿದ್ದರೆ ಮುಚ್ಚಿಟ್ಟರು. ಪೇಪರಿನವರು ಸುಳ್ಳು ಅಂದರೆ ಅವರೂ ಶಾಮೀಲು. ಹೇಗೆ ಹಿಡಿದರೂ ಮೆಸೇಜೇ ಗೆಲ್ಲುತ್ತದೆ.

ಇದರಲ್ಲಿ ಕಂಪನಿಗಳ ಕೈಯೂ ಇದೆ. 2017ರಲ್ಲಿ ಫೇಸ್‌ಬುಕ್ ಒಂದು ಲೈಕಿನ ಐದು ಪಟ್ಟು ಬೆಲೆಯನ್ನು ಸಿಟ್ಟಿನ ಇಮೋಜಿಗೆ ಕೊಟ್ಟಿತ್ತು. ಹೆಚ್ಚು ಅಂಕ ಬಂದ ಪೋಸ್ಟು ಹೆಚ್ಚು ಜನರಿಗೆ ಕಾಣಿಸುತ್ತದೆ. 2020ರಲ್ಲಿ ಅದನ್ನು ಸೊನ್ನೆಗೆ ಇಳಿಸಿದರು. ಕಂಪನಿಯ ಒಳಗಿನ ಕಾಗದಗಳು 2021ರಲ್ಲಿ ಹೊರಬಿದ್ದ ಮೇಲೆಯೇ ಇದು ನಮಗೆ ಗೊತ್ತಾದದ್ದು. ಟ್ವಿಟರ್ ಬಗ್ಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಿಜ ಸುದ್ದಿಗಿಂತ ಸುಳ್ಳು ಸುದ್ದಿಯನ್ನು ಜನ ಮುಂದೆ ಕಳಿಸುವ ಸಾಧ್ಯತೆ ಶೇ 70ರಷ್ಟು ಜಾಸ್ತಿ ಇತ್ತು. ರಾಜಕೀಯದ ಸುಳ್ಳು ಎಲ್ಲಕ್ಕಿಂತ ಮುಂದೆ. ಹಬ್ಬಿಸಿದ್ದು ಮುಖ್ಯವಾಗಿ ಯಂತ್ರಗಳಲ್ಲ, ಮನುಷ್ಯರೇ.

ವಾಟ್ಸಾಪಿನ ಕಥೆ ಬೇರೆ. ಅಲ್ಲಿ ಅಂಕ ಹಾಕುವವರು ಯಾರೂ ಇಲ್ಲ. ಕಳಿಸಿದವರು ಸೋದರಮಾವ, ಇಲ್ಲವೇ ಊರಿನ ಮಾಸ್ತರರು. ಅವರ ಮೇಲಿನ ನಂಬಿಕೆ ಸುಮ್ನೆ ಮೆಸೇಜಿಗೆ ಅಂಟಿಕೊಳ್ಳುತ್ತದೆ. ನನಗೆ ಜಾಸ್ತಿ ಹೆದರಿಕೆ ಇದರದೇ. ಫೇಸ್‌ಬುಕ್ಕನ್ನು ಬೈಯಬಹುದು, ಮಾವನಿಗೆ ಎದುರು ಹೇಳುವುದು ಕಷ್ಟ.

‘ಎಲ್ಲಾರೂ ಕಳ್ಳರು’ ಅಂದುಬಿಟ್ಟರೆ ನಿಜವಾದ ಕಳ್ಳನಿಗೆ ಎಷ್ಟು ಅನುಕೂಲ ಯೋಚಿಸಿ. ಅವನ ಹೆಸರೇ ಹೊರಗೆ ಬರುವುದಿಲ್ಲ. ದುಡಿದವನಿಗೂ ತಿಂದವನಿಗೂ ಒಂದೇ ಬೈಗುಳ. ಅಂಥ ಊರಿನಲ್ಲಿ ಗ್ರಾಮಸಭೆಗೆ ಹೋಗಿ ಲೆಕ್ಕ ಕೇಳಲು ಯಾರಿಗೆ ಮನಸ್ಸು ಬರುತ್ತದೆ?

ಮಹದಾಯಿಯನ್ನೇ ಮತ್ತೆ ತಗೊಳ್ಳಿ. ಕೇಂದ್ರ ಜಲ ಆಯೋಗ 2022ರ ಡಿಸೆಂಬರ್‌ನಲ್ಲಿ ಯೋಜನಾ ವರದಿಗೆ ಒಪ್ಪಿಗೆ ಕೊಟ್ಟಿತು. ಆಮೇಲೆ ಕೆಲಸ ಸಿಕ್ಕಿಕೊಂಡದ್ದು ಅರಣ್ಯ ಮತ್ತು ವನ್ಯಜೀವಿ ಅನುಮತಿಯಲ್ಲಿ. ಗೋವಾದ ತಕರಾರು ಸುಪ್ರೀಂ ಕೋರ್ಟಿನಲ್ಲಿ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಸಭೆಗಳ ನಡಾವಳಿ ಇದೇ ಮೊಬೈಲಿನಲ್ಲಿ ಓದಲು ಸಿಗುತ್ತದೆ. ಯಾರು ಕೂತಿದ್ದರು, ಏನು ತೀರ್ಮಾನ ಆಯಿತು, ಎಲ್ಲ ಇದೆ. ಸಿಟ್ಟು ಮಾಡಿ, ಆ ನಡಾವಳಿ ಕೈಯಲ್ಲಿ ಹಿಡಿದು ಮಾಡಿ. ಆಗ ನಿಮ್ಮ ಶಾಸಕರು, ಸಂಸದರು ‘ನೋಡೋಣ’ ಅಂದು ಜಾರಿಕೊಳ್ಳುವುದು ಕಷ್ಟ.

ಅದರಲ್ಲಿ ಸಿಗದ್ದಕ್ಕೆ ಮಾಹಿತಿ ಹಕ್ಕು ಇದೆ. ಅರ್ಜಿಗೆ 10 ರೂಪಾಯಿ, ಉತ್ತರ ಕೊಡಲು 30 ದಿನದ ಗಡುವು. ಕಡತ ಯಾವ ಕಚೇರಿಗೆ ಯಾವ ತಾರೀಖಿಗೆ ಹೋಯಿತು ಅಂತ ಒಂದೇ ಪ್ರಶ್ನೆ ಕೇಳಿ. ಬರೆಯಲು ಗೊತ್ತಿಲ್ಲದವರು ಚಹಾ ಆದ ಮೇಲೆ ಈ ಮೇಜಿನ ಹತ್ತಿರ ಬನ್ನಿ, ಕೂತು ಬರೆಯೋಣ.